ನೂರು ಚೀಲ ಕಾಫಿಯ ಚೆಕ್ಕು

ಬ್ಯಾಂಕಿನವರು ಚೆಕ್ಕಿಗೆ ಪಿನ್ನು ಚುಚ್ಚಿ ಹಿಂದಿರುಗಿಸಿದ ಆ ಚೀಟಿ ಅಂಗೈಯಷ್ಟೂ ಅಗಲವಿರಲಿಲ್ಲ. ಕಾರಣಗಳ ಪಟ್ಟಿಯಲ್ಲಿ ‘ಫಂಡ್ಸ್ ಇನ್‌ಸಫಿಷಿಯೆಂಟ್’, ಅಂದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ, ಎಂಬುದರ ಎದುರು ನೀಲಿ ಶಾಯಿಯ ಒಂದು ಗೀಟು ಇತ್ತು. ಅದು 2019ರ ಮಾರ್ಚ್ ತಿಂಗಳು. ಕಣದಲ್ಲಿ ಒಣಗಿಸಿದ ನೂರು ಚೀಲ ರೋಬಸ್ಟಾ ಚೆರ್ರಿಯನ್ನು ಹತ್ತಾರು ವರ್ಷಗಳಿಂದ ಪರಿಚಯವಿದ್ದ ವ್ಯಾಪಾರಿಯೊಬ್ಬರಿಗೆ ಕೊಟ್ಟು, 3,40,000 ರೂಪಾಯಿಯ ಚೆಕ್ಕನ್ನು ಮಡಿಸದೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ.

ನಮ್ಮ ತಂದೆಯ ಕಾಲದಲ್ಲಿ ಈ ಭಯ ಇರಲಿಲ್ಲ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹಾಕಬೇಕಿತ್ತು. ಹಣ ಕಂತು ಕಂತಾಗಿ, ಕೆಲವೊಮ್ಮೆ ಬೇಸರ ಬರುವಷ್ಟು ತಡವಾಗಿ ಬರುತ್ತಿದ್ದರೂ ಮುಳುಗುತ್ತಿರಲಿಲ್ಲ. 1990ರ ದಶಕದ ನಡುವೆ ಮುಕ್ತ ಮಾರಾಟ ಬಂದ ಮೇಲೆ ನಮಗೆ ದರವೂ ಸಿಕ್ಕಿತು, ವ್ಯಾಪಾರಿಯ ಮಾತನ್ನು ನಂಬುವ ಹೊಣೆಯೂ ಸಿಕ್ಕಿತು.

ಚೆಕ್ಕು ವಾಪಸ್ ಬಂದ ದಿನವೇ ವ್ಯಾಪಾರಿಗೆ ಫೋನ್ ಮಾಡಿದೆ. ‘ಮುಂದಿನ ವಾರ ಮತ್ತೆ ಹಾಕಿ’ ಎಂದರು. ಹಾಕಿದೆ, ಮತ್ತೆ ಬಂತು. ಅವರ ಮನೆಯ ಮದುವೆಗಳಲ್ಲಿ ಉಂಡು ಬಂದವನು ನಾನು; ವಕೀಲರ ನೋಟಿಸು ಕಳುಹಿಸುವುದು ಹೇಗೆ ಎಂಬ ಮುಲಾಜಿನಲ್ಲಿಯೇ ಎರಡು ತಿಂಗಳು ಕಳೆದವು. ಕೊನೆಗೆ ಪೊಲೀಸ್ ಠಾಣೆಗೆ ಹೋದಾಗ, ಇದು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಲಿಖಿತ ದೂರು ಸಲ್ಲಿಸಬೇಕಾದ ಪ್ರಕರಣ ಎಂದು ಹೇಳಿ ಕಳುಹಿಸಿದರು. ಹಾಗೆ ನಾನು ವಿರಾಜಪೇಟೆಯ ಒಬ್ಬ ವಕೀಲರ ಕಚೇರಿಯ ಬೆಂಚಿನ ಮೇಲೆ ಕುಳಿತದ್ದು ಜೂನ್ ಮೊದಲ ವಾರದಲ್ಲಿ.

ಅವರು ಮೊದಲು ನೋಡಿದ್ದು ಮೊತ್ತವನ್ನಲ್ಲ, ದಿನಾಂಕವನ್ನು. ಚೆಕ್ಕು ಮಾರ್ಚ್ 11ರದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2012ರ ಏಪ್ರಿಲ್‌ನಿಂದ ಚೆಕ್ಕಿಗೆ ಮೂರು ತಿಂಗಳಷ್ಟೇ ಆಯುಸ್ಸು. ಅದಕ್ಕೂ ಮೊದಲು ಆರು ತಿಂಗಳಿತ್ತು. ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸು ಹೋಗಬೇಕಿತ್ತು, ಹಿಂದಿನ ಎರಡೂ ಬಾರಿ ಆ ಗಡುವನ್ನು ನಾನು ಮುಲಾಜಿಗೆ ಬಲಿ ಕೊಟ್ಟಿದ್ದೆ. ಅವಧಿ ಮುಗಿಯುವ ಮುನ್ನ ಎಷ್ಟು ಬಾರಿಯಾದರೂ ಚೆಕ್ಕನ್ನು ಹಾಜರುಪಡಿಸಬಹುದು, ಕೊನೆಯ ಬಾರಿ ವಾಪಸಾದಾಗಿನಿಂದಲೂ ಹೊಸದಾಗಿ ದಿನ ಎಣಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ ನಾನು ಉಳಿದುಕೊಂಡೆ. ಮರುದಿನವೇ ಮೂರನೆಯ ಸಲ ಹಾಕಿದೆವು. ಜೂನ್ 10ರಂದು ಮೂರನೆಯ ಚೀಟಿ ಬಂತು, ಅದೇ ಗೀಟಿನೊಂದಿಗೆ.

ಚೆಕ್ಕು ಬೌನ್ಸ್ ಆದ ಕ್ಷಣದಲ್ಲಿಯೇ ಅಪರಾಧ ಆಗಿಬಿಡುತ್ತದೆ ಎಂದು ನಾನೂ ತಿಳಿದಿದ್ದೆ. ಕಾನೂನು ಹಾಗಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 1988ರಲ್ಲಿ ತಿದ್ದುಪಡಿಯಾಗಿ, 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ 138ನೇ ಕಲಂ ಹಣವಿಲ್ಲದ ಖಾತೆಯ ಮೇಲೆ ಸಹಿ ಹಾಕಿದವನಿಗೆ ಇನ್ನೂ ಒಂದು ಅವಕಾಶ ಕೊಡುತ್ತದೆ. ನೋಟಿಸು ಕೈಸೇರಿದ 15 ದಿನಗಳಲ್ಲಿ ಹಣ ಕೊಟ್ಟರೆ ಕೇಸೇ ಇಲ್ಲ. ಕೊಡದೆ ಸುಮ್ಮನಿದ್ದರೆ ಹದಿನಾರನೆಯ ದಿನ ದೂರಿಗೆ ಕಾರಣ ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ನ್ಯಾಯಾಲಯದ ಕ್ಷಮೆ ಬೇಡಬಹುದು, ಆದರೆ ನೋಟಿಸಿನ ಗಡುವಿಗೆ ಆ ರಿಯಾಯಿತಿ ಇಲ್ಲ. ಖಾತೆಯಲ್ಲಿ ಹಣವಿಲ್ಲದಿದ್ದರೆ ಮಾತ್ರವಲ್ಲ, ಖಾತೆ ಮುಚ್ಚಿದ್ದರೂ, ‘ಪಾವತಿ ನಿಲ್ಲಿಸಿ’ ಎಂದು ಬ್ಯಾಂಕಿಗೆ ಬರೆದುಕೊಟ್ಟಿದ್ದರೂ ಈ ಕಲಂನಿಂದ ಸುಲಭಕ್ಕೆ ತಪ್ಪಿಸಿಕೊಳ್ಳಲಾಗದು. ಶಿಕ್ಷೆ ಎರಡು ವರ್ಷದವರೆಗಿನ ಸೆರೆವಾಸ, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ನನ್ನ ಚೆಕ್ಕಿನ ಲೆಕ್ಕದಲ್ಲಿ ದಂಡ 6,80,000 ರೂಪಾಯಿವರೆಗೆ ಹೋಗಬಹುದಿತ್ತು.

ನೋಟಿಸು ಜುಲೈ 4ರಂದು ಹೊರಟಿತು. ಕೊಡಗಿನ ಜುಲೈ ಎಂದರೆ ಅಂಚೆಯಣ್ಣನ ಚೀಲವೂ ನೆನೆಯುವ ಕಾಲ. ಸ್ವೀಕೃತಿಯ ಕಾರ್ಡು ನನ್ನ ಕೈಗೆ ಬರುವಾಗ ಅಂಚುಗಳು ಉಬ್ಬಿಕೊಂಡಿದ್ದವು, ಆದರೆ ಸಹಿ ಮತ್ತು 12ನೇ ತಾರೀಕು ಸ್ಪಷ್ಟವಾಗಿದ್ದವು. ಆ ಕಾರ್ಡನ್ನು ನಾನು ಪಹಣಿಗಿಂತ ಜೋಪಾನವಾಗಿ ಇಟ್ಟುಕೊಂಡೆ. ಆಗಸ್ಟ್ ಮೊದಲ ವಾರದ ಮಳೆಯಲ್ಲಿ ಜಿಲ್ಲೆಯ ರಸ್ತೆಗಳು ಅಲ್ಲಲ್ಲಿ ಕುಸಿದು ಪೇಟೆಗೆ ಹೋಗುವುದೇ ದುಸ್ತರವಾಗಿದ್ದಾಗ, ದೂರಿನ ಗಡುವು ಮೀರುವುದೇನೋ ಎಂಬ ಆತಂಕ ಕಾಡಿತು. ದೂರು 21ರಂದು ದಾಖಲಾಯಿತು, ಗಡುವಿಗೆ ವಾರವೂ ಉಳಿದಿರಲಿಲ್ಲ.

ಈ ನಡುವೆ ವ್ಯಾಪಾರಿ ಐವತ್ತು ಸಾವಿರ ನಗದು ಕೊಡುತ್ತೇನೆ ಎಂದು ಹೇಳಿ ಕಳುಹಿಸಿದ್ದರು. ಭಾಗಶಃ ಹಣ ಪಡೆದರೆ ಅದನ್ನು ಚೆಕ್ಕಿನ ಮೇಲೆಯೇ ನಮೂದಿಸಬೇಕು, ಇಲ್ಲದಿದ್ದರೆ ಪೂರ್ತಿ ಮೊತ್ತಕ್ಕೆ ಆ ಚೆಕ್ಕು ನಿಲ್ಲುವುದಿಲ್ಲ ಎಂದು ವಕೀಲರು ಎಚ್ಚರಿಸಿದರು. ಸುಪ್ರೀಂ ಕೋರ್ಟ್ ಇದನ್ನೇ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ಆ ಐವತ್ತು ಸಾವಿರ ಬರಲೇ ಇಲ್ಲ, ಅದು ಬೇರೆ ಮಾತು.

ಕಾನೂನು ನನ್ನ ಕಡೆಗಿತ್ತು ಎಂದು ಹೇಳುವಾಗ ಪಕ್ಕದ ತೋಟದವರ ನೆನಪಾಗುತ್ತದೆ. ಅವರು ಸಾಲ ಪಡೆಯುವಾಗ ಭದ್ರತೆಗೆಂದು ಸಹಿ ಮಾತ್ರ ಹಾಕಿದ ಖಾಲಿ ಚೆಕ್ಕುಗಳನ್ನು ಕೊಟ್ಟು, ಸಾಲ ತೀರಿಸಿದ ಮೇಲೆ ಕೇಳಿ ವಾಪಸ್ ಪಡೆಯಲಿಲ್ಲ, ಮುಲಾಜೇ ಅಲ್ಲಿಯೂ. ವರ್ಷಗಳ ನಂತರ ಅವುಗಳಲ್ಲಿ ಒಂದಕ್ಕೆ ಮೊತ್ತ ಬರೆದು ಕೇಸು ಹಾಕಲಾಯಿತು. ಸಹಿ ತನ್ನದೆಂದು ಒಪ್ಪಿದ ಮೇಲೆ, ಆ ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಭಾವಿಸಿಕೊಂಡೇ ಮುಂದುವರಿಯುತ್ತದೆ, ಹಾಗಲ್ಲವೆಂದು ತೋರಿಸುವ ಭಾರ ಸಹಿ ಹಾಕಿದವನ ಮೇಲೆ. ಉಳಿದ ವಿವರವನ್ನು ಬೇರೆಯವರು ತುಂಬಿದ್ದಾರೆ ಎಂಬ ಒಂದೇ ಕಾರಣಕ್ಕೆ ಚೆಕ್ಕು ಬಿದ್ದುಹೋಗುವುದಿಲ್ಲ. ಅವರು ಹಣ ಮರಳಿಸಿದ್ದಕ್ಕೆ ರಸೀದಿ ಹುಡುಕುತ್ತ ಮನೆಯ ಅಟ್ಟವನ್ನೆಲ್ಲ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ವ್ಯಾಪಾರಿಯನ್ನು ಹಿಡಿದ ಕುಣಿಕೆಯೇ ಅವರನ್ನೂ ಹಿಡಿಯಿತು.

ನನ್ನ ಕೇಸಿನಲ್ಲಿ ಆರೋಪಿ ತಪ್ಪೊಪ್ಪಿಕೊಳ್ಳದಿದ್ದಾಗ, 2018ರ ತಿದ್ದುಪಡಿಯಂತೆ ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಿದೆವು. ಚೆಕ್ಕಿನ ಮೊತ್ತದ ಶೇಕಡಾ 20ರವರೆಗೆ ಕೊಡಿಸುವ ಅಧಿಕಾರ ಅಲ್ಲಿದೆ, ಕೊಡಿಸಲೇಬೇಕೆಂದಿಲ್ಲ. ನನಗೆ 68,000 ಸಿಕ್ಕಿತು. ಬಳಿಕ ಕೋವಿಡ್ ಬಂದು ವಾಯಿದೆಯ ಮೇಲೆ ವಾಯಿದೆ. ಚೆಕ್ಕು ಕಡತದೊಳಗೆ ದೂರುದಾರನ ಮೊದಲ ಸಾಕ್ಷ್ಯದಾಖಲೆ ಎಂದು ಸೂಚಿಸುವ ‘ನಿ.ಪಿ.1’ ಎಂಬ ಗುರುತು ಹೊತ್ತು ಮಲಗಿತ್ತು. 2021ರಲ್ಲಿ ಲೋಕ ಅದಾಲತ್ತಿನಲ್ಲಿ ಕುಳಿತು ಮಾತಾಡಿದೆವು. ಈ ಅಪರಾಧವನ್ನು ರಾಜಿ ಮಾಡಿಕೊಳ್ಳಲು ಕಾಯ್ದೆಯ 147ನೇ ಕಲಂ ಅವಕಾಶ ಕೊಡುತ್ತದೆ, ಅದಾಲತ್ತಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬಲವಿದೆ. ಬಡ್ಡಿಯನ್ನು ಬಿಟ್ಟೆ, ಅಸಲಿನ ಬಾಕಿ ಮೂರು ಕಂತಿಗೆ ಒಪ್ಪಿದೆ.

ಮೊದಲ ಕಂತಿನ ದಿನ ವ್ಯಾಪಾರಿ ಅಭ್ಯಾಸಬಲದಿಂದ ಜೇಬಿನಿಂದ ಚೆಕ್ಕು ಪುಸ್ತಕ ತೆಗೆದರು. ನಮ್ಮ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಡಿಡಿ ಮಾಡಿಸಿಕೊಂಡು ಬನ್ನಿ, ಬ್ಯಾಂಕು ಎದುರಿಗೇ ಇದೆ’ ಎಂದರು.