ಶುಗರ್ ಇದ್ದವರು ಬಿಪಿಯನ್ನು ನಿಂತೂ ನೋಡಬೇಕು

ಜಂಬ್ರದ ಊಟದ ಪಂಕ್ತಿಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು ಕಂಬ ಹಿಡಿದುಕೊಳ್ಳುವ ಹಿರಿಯರು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಹೊಸಬರಲ್ಲ. "ಶುಗರ್ ಇಳಿಯಿತು" ಎಂದು ಯಾರೋ ಬೆಲ್ಲ ತರುತ್ತಾರೆ. ಗ್ಲುಕೋಮೀಟರ್ ಇದ್ದರೆ ನೋಡಿಬಿಡಿ. ಆದರೆ ಆಗಷ್ಟೇ ಎರಡು ಸೌಟು ಪಾಯಸ ಉಂಡವರಲ್ಲಿ ಇಳಿದದ್ದು ಬಿಪಿಯೇ ಇರಬಹುದು.

ಎದ್ದು ನಿಂತಾಗ ರಕ್ತ ಕಾಲಿಗೂ ಹೊಟ್ಟೆಗೂ ಜಾರುತ್ತದೆ. ನರಗಳು ಕೂಡಲೇ ರಕ್ತನಾಳಗಳನ್ನು ಬಿಗಿಮಾಡಿ ಅದನ್ನು ಮೇಲಕ್ಕೆ ಒತ್ತಬೇಕು. ವರ್ಷಗಟ್ಟಲೆ ಶುಗರ್ ಏರಿದ್ದರೆ ಆ ನರಗಳೇ ಸೋತಿರಬಹುದು. ಉಂಡ ಮೇಲೆ ಕರುಳಿನ ಕಡೆಗೂ ರಕ್ತ ಹರಿಯುವುದರಿಂದ ತಲೆಸುತ್ತು ಇನ್ನೂ ಜೋರು.

ಕುರ್ಚಿಯಲ್ಲಿ ಕೂತು ನೋಡಿದ ಬಿಪಿಯಲ್ಲಿ ಇದು ಸಿಗುವುದಿಲ್ಲ. 5 ನಿಮಿಷ ಮಲಗಿ, ಮಾತಾಡದೆ, ಒಮ್ಮೆ ನೋಡಿ. ಎದ್ದು ನಿಂತು 1ನೇ ನಿಮಿಷಕ್ಕೆ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲಿ. ಮೇಲಿನ ಅಂಕೆ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ನಿಂತಾಗ ಹೆಚ್ಚಿನವರು ಬಿಪಿ ಪಟ್ಟಿ ಕಟ್ಟಿದ ಕೈಯನ್ನು ಜೋತುಬಿಡುತ್ತಾರೆ; ಆಗ ಅಂಕೆ ಇದ್ದುದಕ್ಕಿಂತ ಹೆಚ್ಚು ಬಂದು ಇಳಿತವೇ ಮುಚ್ಚಿಹೋಗುತ್ತದೆ. ಕೈಯನ್ನು ಎದೆಯ ಮಟ್ಟಕ್ಕೆ ಯಾರಾದರೂ ಹಿಡಿದುಕೊಳ್ಳಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಅಂಕೆ ಹೆಚ್ಚೇ ಬರುತ್ತದೆ.

ನಿಂತಾಗ ಇಳಿಯುತ್ತದೆ ಎಂದು ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಂಥವರಿಗೆ ಮಲಗಿದಾಗ ಬಿಪಿ ಏರುವುದೂ ಉಂಟು. 1998ರಲ್ಲಿ ಪ್ರಕಟವಾದ ಶುಗರ್ ಇದ್ದವರ ಮೇಲಿನ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಅಷ್ಟು ಬಿಗಿ ಮಾಡದ ಗುಂಪಿನ ಸರಾಸರಿ ಬಿಪಿ 154/87, ಬಿಗಿಯಾಗಿ ಹತೋಟಿಯಲ್ಲಿಟ್ಟವರದು 144/82. ಅಷ್ಟೇ ವ್ಯತ್ಯಾಸಕ್ಕೆ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳ ತೊಂದರೆ 37% ಕಡಿಮೆಯಾಯಿತು. ಈಗ ಹೆಚ್ಚಿನವರಿಗೆ ಇಡುವ ಗುರಿ 130/80ರ ಒಳಗೆ. ನರಗಳಿಗೆ ಆಹಾರ ಒಯ್ಯುವುದೂ ಕೂದಲಿಗಿಂತ ತೆಳುವಾದ ಇಂಥ ನಾಳಗಳೇ.

ತಲೆಸುತ್ತಿಗೆ ಔಷಧಿಗಳ ಪಾಲೂ ಇದೆ. ಪಾದದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ಕಟ್ಟುವವರಿಗೆ ಕೊಡುವ ಟ್ಯಾಮ್ಸುಲೋಸಿನ್, ನೀರು ಹೋಗುವ ಮಾತ್ರೆ, ಎಲ್ಲವೂ ನಿಂತಾಗಿನ ಬಿಪಿಯನ್ನು ಇಳಿಸಬಲ್ಲವು. ಒಬ್ಬೊಬ್ಬ ಡಾಕ್ಟರು ಒಂದೊಂದು ಬರೆದಿರುತ್ತಾರೆ; ಇದನ್ನು ಒಟ್ಟಿಗೆ ಕೂತು ನೋಡಿದವರು ಯಾರೂ ಇರುವುದಿಲ್ಲ. ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ.

ಉಪ್ಪಿನದು ಬೇರೆ ಫಜೀತಿ. ದಿನಕ್ಕೆ 5 ಗ್ರಾಮಿನ ಒಳಗೆ, ಅಂದರೆ ಸುಮಾರು ಒಂದು ಟೀ ಚಮಚ, ಎಂಬ ಲೆಕ್ಕ ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯಕ್ಕೂ ಗಂಜಿಯ ಜೊತೆಗಿನ ಮಿಡಿ ಉಪ್ಪಿನಕಾಯಿಗೂ ಸೇರಿದ್ದು. ಸೊಳೆಯನ್ನು ಹಲವು ಸಲ ನೀರು ಬದಲಿಸಿ ನೆನೆಸಿ ಹಿಂಡಿದರೆ ಉಪ್ಪು ಬಹಳಷ್ಟು ಹೋಗುತ್ತದೆ. ಬಿಪಿ ಇಳಿಯಿತೆಂದು ಉಪ್ಪು ನೀರು ಕುಡಿಯುವ ರೂಢಿ ಮಾತ್ರ ಬೇಡ.

ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ಆಮೇಲೆ ನಿಲ್ಲಿ. ದೀಪ ಹಾಕಿ, ಚಪ್ಪಲಿ ಮೆಟ್ಟಿಕೊಂಡೇ ಹೋಗಿ. ಮರಗಟ್ಟಿದ ಪಾದಕ್ಕೆ ಅಡಿಕೆ ಸಿಪ್ಪೆಯ ಚೂರು ಚುಚ್ಚಿದರೂ ತಿಳಿಯುವುದಿಲ್ಲ.