ಕೋಡ್ ಆಮೇಲೆ, ಮೊದಲು ಮಾತಾಡೋಣ

ಎಐ ಅಸಿಸ್ಟೆಂಟ್ ಕೈಲಿ ಕೋಡ್ ಬರೆಸುವುದು ಈಗ ನಮ್ಮ ಕೆಲಸದಲ್ಲಿ ಮಾಮೂಲಿ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಕೋಡ್‌ಗೂ ಮುಂಚಿನ ಮಾತುಕತೆ. ಡಿಸೈನ್ ಇನ್ನೂ ಅರ್ಧಂಬರ್ಧ ಇರುವಾಗ ಅಸಿಸ್ಟೆಂಟ್ ಜೊತೆ ಕೂತು ಚರ್ಚೆ ಮಾಡುವುದು.

ಒಂದು ಉದಾಹರಣೆ ಹೇಳುತ್ತೇನೆ. ಆರ್ಡರ್‌ನ ಸ್ಟೇಟಸ್ ಬದಲಾದಾಗ ಗ್ರಾಹಕರಿಗೆ ಮೆಸೇಜ್ ಹೋಗಬೇಕಿತ್ತು. ಡೇಟಾಬೇಸ್ ಅಪ್‌ಡೇಟ್ ಮಾಡಿ, ಕ್ಯೂಗೆ (ಮೆಸೇಜ್‌ಗಳು ಸರದಿಯಲ್ಲಿ ಕಾಯುವ ಜಾಗ) ಒಂದು ಮೆಸೇಜ್ ಹಾಕಿದರೆ ಮುಗಿಯಿತು ಅನಿಸುತ್ತದೆ. ನಾನು ಅಸಿಸ್ಟೆಂಟ್‌ಗೆ ಹಾಕಿದ ಷರತ್ತು ಇಷ್ಟೇ: ಕೋಡ್ ಬರೆಯಬೇಡ. ನಿನಗೆ ಗೊತ್ತಿಲ್ಲದ್ದನ್ನು ನನ್ನ ಹತ್ತಿರ ಕೇಳು. ಒಂದು ಸಲಕ್ಕೆ ಒಂದೇ ಪ್ರಶ್ನೆ.

ಈ ಒಂದೇ ಪ್ರಶ್ನೆಯ ನಿಯಮ ಮುಖ್ಯ. ಹತ್ತು ಪ್ರಶ್ನೆ ಒಟ್ಟಿಗೆ ಬಂದರೆ ಅರ್ಧಕ್ಕೆ ಸುಮ್ನೆ ಏನೋ ಒಂದು ಬರೆದು ಮುಂದೆ ಹೋಗುತ್ತೇವೆ, ಅಲ್ವಾ? ಒಂದೊಂದೇ ಬಂದರೆ ಯೋಚಿಸಲೇಬೇಕು. ಮೆಸೇಜ್ ಎರಡು ಸಲ ಹೋದರೆ ಪರವಾಗಿಲ್ಲವೇ? ಎಷ್ಟು ತಡವಾದರೆ ನಡೆಯುತ್ತದೆ? ಡೇಟಾಬೇಸ್‌ನಲ್ಲಿ ಬರೆದಾದ ಮೇಲೆ, ಕ್ಯೂಗೆ ಹಾಕುವ ಮೊದಲೇ ಸರ್ವರ್ ಬಿದ್ದರೆ? ಈ ಕೊನೆಯ ಪ್ರಶ್ನೆಯೇ ಇಡೀ ಡಿಸೈನ್ ಅನ್ನು ತಿರುಗಿಸಿತು.

ಆಮೇಲೆ ಮೂರು ದಾರಿ ಕೇಳಿದೆ. ಒಂದರದ್ದೇ ಮೂರು ರೂಪ ಬೇಡ, ನಿಜವಾಗಿಯೂ ಬೇರೆ ಬೇರೆ ಇರಬೇಕು, ಪ್ರತಿಯೊಂದೂ ಎಲ್ಲಿ ಮುರಿಯುತ್ತದೆ ಅಂತಲೂ ಹೇಳಬೇಕು ಅಂದೆ. ರಿಕ್ವೆಸ್ಟ್ ಒಳಗಿಂದಲೇ ನೇರ ಕಳಿಸಿದರೆ ಮೆಸೇಜ್ ಸೇವೆ ನಿಧಾನವಾದಾಗ ಆರ್ಡರ್ ಕೂಡ ನಿಧಾನ. ಡೇಟಾಬೇಸ್ ಮತ್ತು ಕ್ಯೂ ಎರಡಕ್ಕೂ ಬರೆದರೆ ಮಧ್ಯದಲ್ಲಿ ಸರ್ವರ್ ಬಿದ್ದಾಗ ಮೆಸೇಜ್ ಮಾಯ. ಮೂರನೆಯದು ಔಟ್‌ಬಾಕ್ಸ್ ಟೇಬಲ್: ಆರ್ಡರ್ ಮತ್ತು ಕಳಿಸಬೇಕಾದ ಮೆಸೇಜ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುವುದು, ವರ್ಕರ್ ಅನ್ನುವ, ಹಿನ್ನೆಲೆಯಲ್ಲಿ ಓಡುವ ಬೇರೊಂದು ಪ್ರೋಗ್ರಾಮ್ ಆ ಟೇಬಲ್ ಓದಿ ಕಳಿಸುವುದು. ಬರೆದರೆ ಎರಡೂ, ಇಲ್ಲದಿದ್ದರೆ ಎರಡೂ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 2016ರಲ್ಲಿ ಬಂದ 9.5 ಆವೃತ್ತಿಯಿಂದಲೇ 'ಸ್ಕಿಪ್ ಲಾಕ್ಡ್' (ಬೇರೆಯವರು ಹಿಡಿದಿರುವ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಸೌಲಭ್ಯ) ಇದೆ. ಹಾಗಾಗಿ ನಾಲ್ಕು ವರ್ಕರ್ ಒಟ್ಟಿಗೆ ಓಡಿದರೂ ಒಂದು ಹಿಡಿದಿರುವ ಸಾಲಿಗೆ ಇನ್ನೊಂದು ಕಾಯುತ್ತಾ ನಿಲ್ಲುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಅಸಿಸ್ಟೆಂಟ್‌ಗಳಿಗೆ ತಲೆಯಾಡಿಸುವ ಗುಣ ಜಾಸ್ತಿ. 'ಇದು ನನ್ನ ಡಿಸೈನ್, ಹೇಗಿದೆ?' ಅಂದರೆ ಬಹಳ ಸಲ ಹೊಗಳಿಕೆಯೇ ಬರುತ್ತದೆ. ನಾನು ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. 'ಈ ಡಿಸೈನ್ ಆರು ತಿಂಗಳಲ್ಲಿ ಕೈಕೊಟ್ಟಿದೆ ಅಂದುಕೋ. ಕಾರಣ ಏನಿರಬಹುದು?' ಅಂತ ಕೇಳುತ್ತೇನೆ. ಇದು ಪ್ರೀಮಾರ್ಟಮ್ ಅನ್ನುವ ವಿಧಾನ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಇದರ ಬಗ್ಗೆ ಬರೆದದ್ದು ಮನುಷ್ಯರ ತಂಡಗಳಿಗೆ. ಆದರೆ ಅಸಿಸ್ಟೆಂಟ್ ಜೊತೆಗೂ ಚೆನ್ನಾಗಿ ನಡೆಯುತ್ತದೆ. ಔಟ್‌ಬಾಕ್ಸ್ ಬಗ್ಗೆ ಹೀಗೆ ಕೇಳಿದಾಗ ಒಳ್ಳೆಯ ಉತ್ತರವೇ ಬಂತು: ವರ್ಕರ್ ಮೆಸೇಜ್ ಕಳಿಸುತ್ತದೆ, 'ಕಳಿಸಿದೆ' ಅಂತ ಗುರುತು ಹಾಕುವ ಮೊದಲೇ ಬೀಳುತ್ತದೆ, ಎದ್ದು ಮತ್ತೆ ಅದನ್ನೇ ಕಳಿಸುತ್ತದೆ.

ಅದಕ್ಕೆ ಅಸಿಸ್ಟೆಂಟ್ ಸೂಚಿಸಿದ ಪರಿಹಾರ ಮಾತ್ರ ಸಾಲದು. ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನ ಫಿಫೋ (ಮೊದಲು ಬಂದದ್ದು ಮೊದಲು ಹೋಗುವ) ಕ್ಯೂ ಮಧ್ಯದಲ್ಲಿಟ್ಟರೆ ಎರಡೆರಡು ಸಲ ಹೋಗುವ ಸಮಸ್ಯೆಯೇ ಇರುವುದಿಲ್ಲ ಅಂದಿತು. ಡಾಕ್ಯುಮೆಂಟೇಶನ್ ತೆಗೆದು ನೋಡಿದರೆ ಆ ಕ್ಯೂ ನಕಲನ್ನು ತಡೆಯುವುದು 5 ನಿಮಿಷದ ಅವಧಿಯೊಳಗೆ ಮಾತ್ರ. ನಮ್ಮ ರೀಟ್ರೈ, ಅಂದರೆ ಮತ್ತೆ ಕಳಿಸುವ ಪ್ರಯತ್ನ, ಒಂದು ಗಂಟೆ ಬಿಟ್ಟೂ ಬರಬಹುದಿತ್ತು. ಕೊನೆಗೆ ಔಟ್‌ಬಾಕ್ಸ್ ಸಾಲಿನ ಐಡಿಯನ್ನೇ ಐಡೆಂಪೊಟೆನ್ಸಿ ಕೀ ಮಾಡಿ ಮೆಸೇಜ್ ಸೇವೆಗೆ ಕೊಟ್ಟೆವು. ಅದೇ ಕೀ ಮತ್ತೆ ಬಂದರೆ ಆ ಸೇವೆ ಎರಡನೇ ಸಲ ಕಳಿಸುವುದಿಲ್ಲ. ಒಂದು ಡಿಸೈನ್ ಯಾವುದೋ ಸೇವೆಯ ಒಂದು ಗುಣದ ಮೇಲೆ ನಿಂತಿದ್ದರೆ, ಆ ಗುಣವನ್ನು ಮೂಲ ದಾಖಲೆಯಲ್ಲಿ ಓದದೆ ನಾನು ಒಪ್ಪುವುದಿಲ್ಲ.

ಇನ್ನೊಂದು, ಲೋಡ್ ಎಷ್ಟು, ಅಂದರೆ ಎಷ್ಟು ಕೆಲಸ ಬರುತ್ತದೆ ಅಂತ ಅಸಿಸ್ಟೆಂಟ್‌ಗೆ ಮೊದಲೇ ಹೇಳಿಬಿಡಿ. ಹೇಳದಿದ್ದರೆ ಕಾಫ್ಕಾ, ಮೈಕ್ರೋಸರ್ವಿಸ್ ಅಂತ ದೊಡ್ಡ ದೊಡ್ಡ ವ್ಯವಸ್ಥೆಗಳ ಸಲಹೆಯೇ ಬರುತ್ತದೆ.

ಹಾಗಂತ ಎಲ್ಲದಕ್ಕೂ ಇಷ್ಟು ಚರ್ಚೆ ಬೇಕಿಲ್ಲ. ಒಂದು ಬಟನ್ ಸೇರಿಸಲು ಯಾರೂ ಮೂರು ದಾರಿ ಹುಡುಕುವುದಿಲ್ಲ. ಆಮೇಲೆ ಬದಲಾಯಿಸಲು ಕಷ್ಟವಾಗುವುದಕ್ಕೆ, ಅಂದರೆ ಟೇಬಲ್‌ಗಳ ರಚನೆ, ಹೊರಗಿನವರು ಬಳಸುವ ಎಪಿಐ, ಇಂಥವಕ್ಕೆ ನಾನು ಸಮಯ ಕೊಡುತ್ತೇನೆ. ಹೊಸ ಪ್ರಶ್ನೆಗಳು ಬಂದರೂ ಡಿಸೈನ್ ಬದಲಾಗುತ್ತಿಲ್ಲ ಅಂದಾಗ ನಿಲ್ಲಿಸುತ್ತೇನೆ.

ನಿರ್ಧಾರವಾದ ಮೇಲೆ ಒಂದು ಪುಟ ಬರೆದಿಡುತ್ತೇವೆ. ಮೈಕೆಲ್ ನೈಗಾರ್ಡ್ 2011ರಲ್ಲಿ ವಿವರಿಸಿದ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಅಂದರೆ ಡಿಸೈನ್ ನಿರ್ಧಾರದ ದಾಖಲೆ) ಮಾದರಿ: ಸಂದರ್ಭ ಏನು, ಏನು ನಿರ್ಧರಿಸಿದೆವು, ಅದರಿಂದ ಏನಾಗುತ್ತದೆ. ಕರಡನ್ನು ಅಸಿಸ್ಟೆಂಟ್ ಬರೆಯಲಿ. ಬಿಟ್ಟ ದಾರಿಗಳನ್ನು ಯಾಕೆ ಬಿಟ್ಟೆವು ಅನ್ನುವುದನ್ನು ಮಾತ್ರ ನಾನೇ ಸೇರಿಸಿ ಬರೆಯುತ್ತೇನೆ, ಯಾಕೆಂದರೆ ತಂಡದ ನಿಜವಾದ ಕಾರಣಗಳು ಗೊತ್ತಿರುವುದು ನಮಗೇ. ಆ ಪುಟ ರೆಪೊಸಿಟರಿಯಲ್ಲಿ ಕೋಡ್ ಪಕ್ಕದಲ್ಲೇ ಇರುತ್ತದೆ. ಕೋಡ್ ಬರೆಸಲು ಹೊಸ ಸೆಷನ್ ತೆರೆದಾಗ ಮೊದಲು ಕೊಡುವುದೂ ಅದನ್ನೇ. ಫಿಫೋ ಕ್ಯೂ ಯಾಕೆ ಬೇಡ ಅಂತ ಅದರಲ್ಲಿ ಎರಡು ಸಾಲು ಇರುವುದರಿಂದ ಆ ಚರ್ಚೆ ಮತ್ತೆ ಶುರುವಾಗಿಲ್ಲ.