ಕಾರ್ಡಿನ ಬಾಕಿ ತೀರಿತು, ಮನೆ ಸಾಲ ಉಳಿದಿದೆ

ಈ ತಿಂಗಳು ಕ್ರೆಡಿಟ್ ಕಾರ್ಡ್ ಬಾಕಿ ಪೂರ್ತಿ ಚುಕ್ತಾ. ಕುಣಿದಾಡುವಂಥದ್ದೇನಿಲ್ಲ, ಮನೆ ಸಾಲ ಇನ್ನೂ ಹಾಗೇ ಇದೆ. ಆದರೂ ಒಂದು ಹೊರೆ ಇಳಿಯಿತು ಅಲ್ವಾ.

ಮೊದಲು ಕಾರ್ಡ್ ತೀರಿಸೋಣ ಅಂತ ಹಟ ಹಿಡಿದಿದ್ದು ನನ್ನ ಹೆಂಡತಿ. ತಿಂಗಳಿಗೆ 3% ಬಡ್ಡಿ ಅಂದರೆ ಕೇಳೋಕೆ ಚಿಕ್ಕದು. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ 42% ದಾಟುತ್ತದೆ. ಬರೀ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ದಂಡ ತಪ್ಪುತ್ತದೆ, ಅಸಲು ಮಾತ್ರ ಅಲ್ಲಾಡುವುದಿಲ್ಲ.

ಮನೆ ಸಾಲದ್ದು ಬೇರೆ ಕಥೆ. 9% ಬಡ್ಡಿಯ 20 ವರ್ಷದ ಸಾಲವಾದರೆ, ಮೊದಲ ಕಂತಿನಲ್ಲಿ ನೂರಕ್ಕೆ 83 ಪಾಲು ಬಡ್ಡಿಗೇ ಹೋಗುತ್ತದೆ. ಹಾಗಾಗಿ ಶುರುವಿನ ವರ್ಷಗಳಲ್ಲೇ ಕೈಗೆ ಸಿಕ್ಕ ಚೂರುಪಾರನ್ನು ಅಸಲಿಗೆ ಹಾಕಿದರೆ ಲಾಭ ಜಾಸ್ತಿ. ಹಾಗೆ ಕಟ್ಟುವಾಗ ಕಂತು ಇಳಿಸಿ ಅನ್ನಬೇಡಿ, ಅವಧಿ ಇಳಿಸಿ ಅನ್ನಿ. ಬಡ್ಡಿ ಉಳಿಯೋದು ಅದರಲ್ಲೇ ಹೆಚ್ಚು.

ಇದೆಲ್ಲ ಕಾಗದದ ಮೇಲೆ ಚೆಂದ. ಮಕ್ಕಳ ಕಾಲು ಬಡ್ಡಿ ದರ ನೋಡಿಕೊಂಡು ಬೆಳೆಯಲ್ಲ. ಅಸಲಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಹೋದ ತಿಂಗಳು ಮಗಳ ಶೂಗೆ ಹೋಯಿತು. ಬೆರಳು ಮಡಚಿಕೊಂಡೇ ಓಡಾಡುತ್ತಿದ್ದಳು, ಬಾಯಿ ಬಿಟ್ಟಿರಲಿಲ್ಲ. ಸಾಲದ ಮಾತು ಅವಳ ಕಿವಿಗೂ ಬಿದ್ದಿತ್ತೋ ಏನೋ. ಬಡ್ಡಿಗಿಂತ ಅದೇ ಜಾಸ್ತಿ ಚುಚ್ಚಿತು.

ಈಗ ಅವಳನ್ನೂ ಕೂರಿಸಿಕೊಂಡೇ ತಿಂಗಳ ಲೆಕ್ಕ ಬರೆಯುತ್ತೇವೆ. "ಅಪ್ಪಾ, ಈ ಬಡ್ಡಿ ಯಾಕೆ ಎಲ್ಲಕ್ಕಿಂತ ಮೇಲಿದೆ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆನೇ. ಕಾರ್ಡಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ಅರ್ಧ ಇನ್ನು ಮನೆ ಸಾಲದ ಅಸಲಿಗೆ. ಉಳಿದರ್ಧ ತುರ್ತಿಗೆ ಅಂತ ಬೇರೆ ಖಾತೆಗೆ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆ ಖರ್ಚಿಗೆ ಮತ್ತೆ ಅದೇ ಕಾರ್ಡ್ ಉಜ್ಜಬೇಕು.